ಗೆಳತಿಯೊಡನೆ ಖರೀದಿ ಪ್ರವಾಸ: ಹೇಳದೆ ಉಳಿದ ಮೊತ್ತ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಲಾಗಿದೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಈ ಸಲಹಾರ್ಥಿ ಮೂವತ್ತರ ಆಸುಪಾಸಿನ ಉದ್ಯೋಗಸ್ಥ ಮಹಿಳೆ. ಕಾಲೇಜಿನಿಂದಲೂ ಜೊತೆಗಿರುವ ಗೆಳತಿಯೊಡನೆ ಖರೀದಿಗೆಂದೇ ರಜೆ ಹಾಕಿ ಮಹಾನಗರವೊಂದಕ್ಕೆ ಹೋಗಿ ಬಂದಿದ್ದರು. ಬಂದ ಮೇಲೆ ನಿದ್ರೆ ಕೆಟ್ಟಿತ್ತು. ಗೆಳತಿಯ ಫೋನ್ ಬಂದರೆ ಎತ್ತಲು ಮನಸ್ಸಾಗುತ್ತಿರಲಿಲ್ಲ. ತಂದ ಬಟ್ಟೆಗಳು ಬೆಲೆಚೀಟಿಯ ಸಮೇತ ಮಂಚದ ಕೆಳಗೇ ಇದ್ದವು. ತಮಗೆ ಶಾಪಿಂಗ್ ಚಟ ಅಂಟಿಕೊಂಡಿದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಕೊಳ್ಳುವ ಗೀಳಿನಲ್ಲಿ ಖರೀದಿಯ ಯೋಚನೆ ಮತ್ತೆ ಮತ್ತೆ ಕಾಡುತ್ತದೆ, ಕೊಂಡಾಗ ಕ್ಷಣಕಾಲ ನಿರಾಳವೆನಿಸುತ್ತದೆ, ಸಾಲ ಬೆಳೆದರೂ ನಿಲ್ಲಿಸಲಾಗುವುದಿಲ್ಲ. ಇವರ ಹಿಂದಿನ ವರ್ಷಗಳಲ್ಲಿ ಅಂಥದ್ದೇನೂ ಇರಲಿಲ್ಲ, ಕಾರ್ಡಿನ ಬಾಕಿಯನ್ನು ಪ್ರತಿ ತಿಂಗಳೂ ಪೂರ್ತಿ ತೀರಿಸಿಕೊಂಡು ಬಂದವರು. ಹಾಗಾಗಿ ಆ ನಾಲ್ಕು ದಿನಗಳಲ್ಲಿ ಏನು ನಡೆಯಿತು ಎಂಬುದನ್ನೇ ಬಿಡಿಸಿ ಹೇಳುವಂತೆ ಕೇಳಿದೆ.

ಎರಡನೆಯ ದಿನ ಸಂಜೆ ಒಂದು ಅಂಗಡಿಯಲ್ಲಿ ಇವರು ಜಾಕೆಟ್ ಒಂದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಾಗ ಗೆಳತಿ, "ನಿನಗೇ ಹೇಳಿ ಮಾಡಿಸಿದ ಹಾಗಿದೆ ಕಣೇ, ತಗೋ. ಮತ್ತೆ ಯಾವಾಗ ಬರ್ತೀವೋ ಏನೋ!" ಎಂದರಂತೆ. ತೋಳಿನೊಳಗೆ ಸಿಕ್ಕಿಸಿದ್ದ ಬೆಲೆಚೀಟಿಯನ್ನು ಇವರು ಆಗಲೇ ಓದಿದ್ದರು. ಆದರೂ "ಹೂಂ" ಎಂದು ಕಾರ್ಡ್ ಕೊಟ್ಟರು. ಏಕೆಂದು ಕೇಳಿದಾಗ ಬಂದ ಉತ್ತರ ಇಡೀ ಪ್ರಕರಣದ ತಿರುಳೆಂದು ನಾನು ಭಾವಿಸುತ್ತೇನೆ: "ಬೇಡ ಅಂದ್ರೆ ಯಾಕೆ ಅಂತಾಳೆ. ಯಾಕೆ ಅಂತ ಹೇಳೋಕೆ ನಾಚಿಕೆ." ಓದುವಾಗ ಇಬ್ಬರ ಕೈಯಲ್ಲೂ ಒಂದೇ ಅಷ್ಟು ಹಣ ಓಡಾಡುತ್ತಿತ್ತು, ಈಗ ಗೆಳತಿಯ ಸಂಬಳ ಬಹಳ ಮುಂದೆ ಹೋಗಿದೆ, ಆ ಮಾತು ಮಾತ್ರ ಇಬ್ಬರ ನಡುವೆ ಒಮ್ಮೆಯೂ ಬಂದಿಲ್ಲ. (ಸಂಬಳವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹಂಚಿಕೊಳ್ಳುವ ಗೆಳೆತನಗಳು ನನ್ನ ಬಳಿ ಬರುವವರಲ್ಲಿ ಅಪರೂಪವೇನಲ್ಲ.)

ಮನುಷ್ಯರು ತಮ್ಮನ್ನು ಅಳೆದುಕೊಳ್ಳುವುದು ಹೆಚ್ಚಾಗಿ ತಮ್ಮಂಥವರ ಜೊತೆಗೇ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ವಿವರಿಸಿದ್ದರು. ಅಪರಿಚಿತ ಶ್ರೀಮಂತರೊಬ್ಬರು ಪಕ್ಕದಲ್ಲಿ ಎಷ್ಟೇ ಕೊಂಡರೂ ನಮಗೆ ಏನೂ ಅನ್ನಿಸದೆ ಇರಬಹುದು, ಒಂದೇ ಬೆಂಚಿನಲ್ಲಿ ಕುಳಿತು ಓದಿದವಳು ಕೊಂಡಾಗ ಹಾಗಾಗುವುದಿಲ್ಲ. ಇದರ ಮೇಲೆ, ಪ್ರಯಾಣಕ್ಕೂ ವಸತಿಗೂ ಇಷ್ಟು ಖರ್ಚು ಮಾಡಿ ಬರಿಗೈಯಲ್ಲಿ ಮರಳುವುದೇ ಎಂಬ ಲೆಕ್ಕಾಚಾರ ಸೇರಿಕೊಳ್ಳುತ್ತದೆ. ಕಾರ್ಡಿನ ಪಾಲೂ ಇದೆ: ಸಂಶೋಧಕರಾದ ಪ್ರೆಲೆಕ್ ಮತ್ತು ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅದೇ ಕ್ರೀಡಾ ಟಿಕೆಟ್ಟುಗಳಿಗೆ ನಗದು ಕೊಡಬೇಕಿದ್ದವರಿಗಿಂತ ಕ್ರೆಡಿಟ್ ಕಾರ್ಡಿನಲ್ಲಿ ಕೊಡಬೇಕಿದ್ದವರು ಬಹಳ ಹೆಚ್ಚು ಬೆಲೆ ಕೂಗಿದ್ದರು.

ಮೊದಲ ಸಲಹೆ ಮಂಚದ ಕೆಳಗಿನ ಚೀಲಗಳ ಬಗ್ಗೆಯೇ ಇತ್ತು. ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು, ಗೆಳತಿ ಪಕ್ಕದಲ್ಲಿ ಇಲ್ಲದಿದ್ದರೂ ಇದೇ ಬೆಲೆಗೆ ಇದನ್ನು ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಳ್ಳಬೇಕು. ಇಲ್ಲವೆನಿಸಿದ್ದನ್ನು ಬೇರೆಯಾಗಿಟ್ಟು, ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಬಿಲ್ಲಿನ ಹಿಂಬದಿಯ ಷರತ್ತುಗಳನ್ನು ಓದಬೇಕು, ಏಕೆಂದರೆ ಸರಣಿ ಮಳಿಗೆಗಳಲ್ಲಿ ಕೆಲವು ಬೇರೆ ಊರಿನ ಶಾಖೆಯಲ್ಲೂ ವಾಪಸ್ ತೆಗೆದುಕೊಳ್ಳುತ್ತವೆ. ಕಾರ್ಡಿನ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಉಳಿತಾಯದಿಂದ ತೆಗೆದಾದರೂ ಬಾಕಿಯನ್ನು ಒಮ್ಮೆಲೇ ತೀರಿಸುವುದು ಲೇಸು ಎಂದೂ ಹೇಳಿದೆ.

ಕಷ್ಟದ್ದು ಗೆಳತಿಯೊಡನೆ ಆಡಬೇಕಾದ ಮಾತು. "ನೀನು ನನ್ನಿಂದ ಖರ್ಚು ಮಾಡಿಸಿದೆ" ಎಂದು ಆರಂಭಿಸಿದರೆ ಅದು ಆರೋಪವಾಗುತ್ತದೆ, ನ್ಯಾಯವೂ ಆಗುವುದಿಲ್ಲ. ಇವರ ಮಿತಿ ಎಷ್ಟೆಂಬುದು ಆಕೆಗೆ ಗೊತ್ತೇ ಇರಲಿಲ್ಲ. "ನನ್ನ ಕೈಲಿ ಅಷ್ಟು ಆಗ್ತಿರಲಿಲ್ಲ, ಹೇಳೋಕೆ ಸಂಕೋಚ ಆಯ್ತು" ಎಂಬಷ್ಟನ್ನೇ ಎದುರುಬದುರು ಕುಳಿತು ಹೇಳಿ, ಮುಂದಿನದನ್ನು ಕೇಳಿಸಿಕೊಳ್ಳುವಂತೆ ಸೂಚಿಸಿದೆ. ಮುಂದೆ ಹೀಗೆ ಹೋಗುವುದಾದರೆ ಟಿಕೆಟ್ ಕಾದಿರಿಸುವ ಮೊದಲೇ ತಮ್ಮ ಮೊತ್ತವನ್ನು ತಿಳಿಸಬೇಕು, ಜಂಟಿ ಖರ್ಚನ್ನು ಪ್ರತಿ ರಾತ್ರಿ ಚುಕ್ತಾ ಮಾಡಬೇಕು, ಅರ್ಧ ದಿನವಾದರೂ ಇಬ್ಬರೂ ಬೇರೆ ಬೇರೆಯಾಗಿ ಸುತ್ತಬೇಕು. ಮೆಚ್ಚಿದ ದುಬಾರಿ ವಸ್ತುವಿನ ಚಿತ್ರ ತೆಗೆದುಕೊಂಡು ಅಂಗಡಿಯಿಂದ ಹೊರಬಂದುಬಿಡಬೇಕು. ಊಟವಾದ ಮೇಲೂ ಬೇಕೆನಿಸಿದರೆ ಮರಳಿ ಹೋಗಬಹುದು.

ಮುಂದಿನ ಭೇಟಿಯಲ್ಲಿ ತಿಳಿದದ್ದು: ಮಾತಾಗಿತ್ತು, ಸಲೀಸಾಗಿ ಆಗಿರಲಿಲ್ಲ. "ನೀನು ಸುಮ್ಮನಿದ್ರೆ ನನಗೆ ಹೇಗೆ ಗೊತ್ತಾಗಬೇಕು?" ಎಂದು ಗೆಳತಿ ಸಿಟ್ಟಾಗಿದ್ದರು, ಆ ಸಿಟ್ಟು ಸಹಜವೆಂದು ಸಲಹಾರ್ಥಿಗೆ ಹೇಳಿದೆ. ಬಟ್ಟೆಗಳಲ್ಲಿ ಒಂದಷ್ಟು ವಾಪಸಾಗಿದ್ದವು, ಜಾಕೆಟ್ಟಿನ ಅವಧಿ ಮುಗಿದಿತ್ತು. ಇಬ್ಬರೂ ಮತ್ತೆ ಫೋನಿನಲ್ಲಿ ಮಾತನಾಡುತ್ತಿದ್ದಾರೆ, ಸಂಬಳದ ಅಂಕಿಯನ್ನು ಮಾತ್ರ ಯಾರೂ ಇನ್ನೂ ಬಾಯಿಬಿಟ್ಟಿಲ್ಲ. ಅದನ್ನು ಹೇಳಲೇಬೇಕೆಂದು ನಾನೂ ಒತ್ತಾಯಿಸಿಲ್ಲ.