ಗ್ರಾಫೀನ್ ನೀರಿನಲ್ಲಿ ಬೆರೆಯುವುದಿಲ್ಲ, ಗ್ರಾಫೀನ್ ಆಕ್ಸೈಡ್ ಬೆರೆಯುತ್ತದೆ. ಏಕೆ?

ಕಾರಣ ಆಮ್ಲಜನಕ. ಗ್ರಾಫೀನ್ ಎಂದರೆ ಇಂಗಾಲದ ಪರಮಾಣುಗಳು ಷಡ್ಭುಜಗಳಾಗಿ ಹೆಣೆದುಕೊಂಡ, ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ. ಅದಕ್ಕೆ ನೀರು ಒಗ್ಗುವುದಿಲ್ಲ. ಗ್ರಾಫೀನ್ ಆಕ್ಸೈಡಿನಲ್ಲಿ ಅದೇ ಹಾಳೆಗೆ ಆಮ್ಲಜನಕವಿರುವ ಪರಮಾಣು ಗುಂಪುಗಳು ಅಂಟಿಕೊಂಡಿರುವುದರಿಂದ (ಮೈಮೇಲೆ ಹೈಡ್ರಾಕ್ಸಿಲ್ ಮತ್ತು ಎಪಾಕ್ಸೈಡ್, ಅಂಚಿನಲ್ಲಿ ಕಾರ್ಬಾಕ್ಸಿಲ್) ಅದು ನೀರನ್ನು ಸೆಳೆಯುತ್ತದೆ. ಋಣ ವಿದ್ಯುದಾವೇಶ ಪಡೆದ ಹಾಳೆಗಳು ಪರಸ್ಪರ ವಿಕರ್ಷಿಸುತ್ತ, ತಳಕ್ಕಿಳಿಯದೆ ಹರಡಿ ನಿಲ್ಲುತ್ತವೆ.

ಗ್ರಾಫೀನ್ ಆಕ್ಸೈಡ್ ತಯಾರಿಕೆಗೆ 1958ರ ಹಮ್ಮರ್ಸ್ ವಿಧಾನವೇ ಇಂದಿಗೂ ಬಹುಮಟ್ಟಿಗೆ ಆಧಾರ: ಗ್ರಾಫೈಟ್ ಪುಡಿಗೆ ಸಾಂದ್ರ ಗಂಧಕಾಮ್ಲ ಮತ್ತು ಸೋಡಿಯಂ ನೈಟ್ರೇಟ್ ಸೇರಿಸಿ, ಪಾತ್ರೆಯನ್ನು ಮಂಜುಗಡ್ಡೆಯಲ್ಲಿಟ್ಟು, ಪೊಟ್ಯಾಶಿಯಂ ಪರ್ಮಾಂಗನೇಟನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಇಲ್ಲಿ ಅವಸರ ಖಂಡಿತ ಸಲ್ಲದು. ಆಗ ಹುಟ್ಟುವ ಹಸಿರು ಬಣ್ಣದ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಬಿಸಿಯಾದರೆ ಸ್ಫೋಟಿಸುತ್ತದೆ. ಕೊನೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದೊಡನೆ ಕಂದು ರಾಡಿ ಹೊಳೆಯುವ ಹಳದಿಗೆ ತಿರುಗುತ್ತದೆ.

ಆಮ್ಲಜನಕದ ಗುಂಪುಗಳಿಂದ ಹಾಳೆಯ ವಿದ್ಯುತ್ ವಾಹಕತೆ ಕೆಡುತ್ತದೆ. ವಿಟಮಿನ್ ಸಿ ಯಂತಹ ಅಪಕರ್ಷಣಕಾರಿಯಿಂದ (ಆಮ್ಲಜನಕವನ್ನು ತೆಗೆಯುವ ವಸ್ತು) ವಾಹಕತೆಯನ್ನು ಭಾಗಶಃ ಮರಳಿ ಪಡೆದು, ಆ ಹಾಳೆಗಳನ್ನು ಸೂಪರ್‌ಕೆಪಾಸಿಟರ್ (ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಬಿಡುವ ಸಾಧನ), ಸಂವೇದಕಗಳಲ್ಲಿ ಬಳಸುತ್ತಾರೆ. ನನಗೆ ಹೆಚ್ಚು ಭರವಸೆ ಇರುವುದು ಗ್ರಾಫೀನ್ ಆಕ್ಸೈಡ್ ಹಾಳೆಗಳನ್ನು ಪದರಪದರವಾಗಿ ಪೇರಿಸಿದ ಸೋಸುವ ಪೊರೆಗಳಲ್ಲಿ. 2012ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡ ತೋರಿಸಿದಂತೆ, ಒಣಗಿದ ಪೊರೆ ಹೀಲಿಯಂ ಅನಿಲವನ್ನೂ ತಡೆದು ನೀರಿನ ಆವಿಯನ್ನು ಸರಾಗವಾಗಿ ಬಿಡುತ್ತದೆ. ಆದರೆ ನೀರಿನಲ್ಲಿ ಮುಳುಗಿಸಿದಾಗ ಪದರಗಳು ಉಬ್ಬಿ, ಉಪ್ಪಿನ ಅಯಾನುಗಳೂ ನುಸುಳುತ್ತವೆ. ಸಮುದ್ರದ ನೀರನ್ನು ಸಿಹಿಯಾಗಿಸುವ ಪ್ರಯತ್ನಗಳಿಗೆ ಇದೇ ದೊಡ್ಡ ತೊಡಕು.