ಸೂಜಿ ಚುಚ್ಚುವ ಮೊದಲೇ ಬರುವ ವಾಂತಿ

ಇದು ನನ್ನ ಬಳಿ ಬಂದ ರೋಗಿಯೊಬ್ಬರ ಕಥೆ; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆಕೆಗೆ 46 ವರ್ಷ. ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ಮೂರು ವಾರಕ್ಕೊಮ್ಮೆ ಕೀಮೋ. ರೋಗಿಗಳು 'ಕೆಂಪು ಔಷಧಿ' ಅನ್ನುವ ಡಾಕ್ಸೊರುಬಿಸಿನ್ ಅದರಲ್ಲಿತ್ತು.

ಮೊದಲೆರಡು ಸಲ ವಾಂತಿಯಾದದ್ದು ಮನೆಗೆ ಹೋದಮೇಲೆ. ಮೂರನೇ ಸಲ ಆಸ್ಪತ್ರೆ ಗೇಟು ಕಂಡ ಕೂಡಲೇ ಶುರುವಾಯಿತು. ಈಗ ಮನೆಯಲ್ಲಿ ಬ್ಯಾಗ್ ತುಂಬುವಾಗಲೇ ಹೊಟ್ಟೆ ತೊಳಸುತ್ತದೆ. "ಸೂಜಿ ಚುಚ್ಚೋ ಮೊದಲೇ ವಾಂತಿ ಅಂದ್ರೆ ನಾಟಕ ಅಂತಾರೆ ಮೇಡಂ" ಎಂದು ಅತ್ತರು. ನಾಲ್ಕನೇ ಕೀಮೋ ಬೇಡವೇ ಬೇಡ ಅನ್ನುತ್ತಿದ್ದರು.

ಇದು ನಾಟಕ ಅಲ್ಲವೇ ಅಲ್ಲ. ಹುಣಸೆಹಣ್ಣು ನೆನೆದರೆ ಬಾಯಲ್ಲಿ ನೀರೂರುತ್ತದೆ ಅಲ್ವಾ? ಹಾಗೇ ಸ್ಪಿರಿಟ್ ವಾಸನೆಗೂ ಆ ಕೋಣೆಗೂ ವಾಂತಿಯನ್ನು ದೇಹ ಜೋಡಿಸಿಕೊಂಡಿದೆ. ಒಮ್ಮೆ ಹೀಗೆ ಕಲಿತರೆ ವಾಂತಿ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಡಾಕ್ಟರಿಗೆ ಹೇಳಿಸಿದೆ. ಹಿಂದಿನ ರಾತ್ರಿಗೆ ಆತಂಕ ಇಳಿಸುವ ಒಂದು ಮಾತ್ರೆ ಸೇರಿಸಿದರು.

ನಾನು ಕಲಿಸಿದ್ದು ಸ್ನಾಯು ಬಿಗಿದು ಸಡಿಲಿಸುವ ಅಭ್ಯಾಸ. ಇದನ್ನು ರೂಪಿಸಿದವರು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್. ಪಾದದಿಂದ ಶುರು. ಐದು ಸೆಕೆಂಡ್ ಬಿಗಿಹಿಡಿದು, ಪೂರ್ತಿ ಬಿಟ್ಟು, ಇಪ್ಪತ್ತು ಸೆಕೆಂಡ್ ಆ ಸಡಿಲವನ್ನು ಗಮನಿಸಬೇಕು. ಆಮೇಲೆ ಮೀನಖಂಡ, ತೊಡೆ, ಬಲಗೈ, ಭುಜ, ದವಡೆ. ಆಪರೇಷನ್‌ನಲ್ಲಿ ಎಡ ಕಂಕುಳ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದರಿಂದ ಎಡಗೈಯನ್ನು ಬಿಗಿಯಬೇಡಿ, ಸುಮ್ನೆ ಸಡಿಲ ಬಿಡಿ ಎಂದೆ. ಮೂಳೆನೋವು ಇರುವವರು ಡಾಕ್ಟರನ್ನು ಕೇಳಿಯೇ ಮಾಡಬೇಕು. ಕೊನೆಗೆ ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ.

ಹೆಚ್ಚಿನವರು ಇದನ್ನು ಕೀಮೋ ಕುರ್ಚಿಯಲ್ಲೇ ಮೊದಲ ಸಲ ಮಾಡಲು ಹೋಗುತ್ತಾರೆ. ಆಗದು. ಹೊಟ್ಟೆ ಆರಾಮಾಗಿರುವ ದಿನ, ಮನೆಯಲ್ಲಿ, ದಿನಕ್ಕೆರಡು ಸಲ ಕಾಲುಗಂಟೆ ಮಾಡಿ ರೂಢಿಯಾಗಬೇಕು. ಅದು ಕೂಡಿಬಂದ ಮೇಲೆ, ಮೈ ಸಡಿಲವಾಗಿರುವಾಗ ಬಸ್ಸು ಹತ್ತುವುದನ್ನು, ಆಮೇಲೆ ಗೇಟನ್ನು, ಆಮೇಲೆ ಕುರ್ಚಿಯನ್ನು ಕಲ್ಪಿಸಿಕೊಳ್ಳಲು ಹೇಳಿದೆ. ಹೊಟ್ಟೆ ತೊಳಸಿದರೆ ಒಂದು ಹೆಜ್ಜೆ ಹಿಂದೆ.

ಕೀಮೋ ದಿನ ಇಷ್ಟದ ತಿಂಡಿ ಬೇಡ ಎಂದೂ ಹೇಳಿದೆ. ಅದರ ಮೇಲೂ ಅಸಹ್ಯ ಕೂರಬಹುದು, ಪಾಪ ಚಿತ್ರಾನ್ನದ ತಪ್ಪೇನು!

ನಾಲ್ಕನೇ ಸಲ ಗೇಟಿನ ಬಳಿ ಸಂಕಟವಾಯಿತು, ವಾಂತಿ ಆಗಲಿಲ್ಲ. ಮನೆಯಲ್ಲಿ ರಾತ್ರಿ ಒಮ್ಮೆ ಆಯಿತು. ಆಕೆಗೆ ಅಷ್ಟೇ ಸಾಕಿತ್ತು, ನನಗೂ ಬಹಳ ಸಮಾಧಾನವಾಯಿತು. ಈ ಅಭ್ಯಾಸದಿಂದ ಗಡ್ಡೆ ಕರಗುವುದಿಲ್ಲ, ಮಾತ್ರೆ ಬಿಡಬೇಡಿ ಎಂದು ಮನೆಯವರಿಗೂ ಹೇಳಿದ್ದೇನೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಉಸಿರಾಟದ ಅಭ್ಯಾಸ ಮಾಡುತ್ತಾ ಕೂರದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡಬೇಕು.