ವಿಮಾನ ಬಿದ್ದದ್ದು ಗೊತ್ತಾಯಿತು, ಯಾಕೆ ಬಿತ್ತು ಹೇಳಿ

ಜಮಖಂಡಿಯ ಗೆಳೆಯರಿಗೆ ನಮಸ್ಕಾರ.

ಒಂದೇ ಇಂಜಿನ್ನಿನ ಸಣ್ಣ ವಿಮಾನಗಳ ಅಪಘಾತದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಹೆಸರು ಹಾಕಬೇಡಿ, ಆದರೆ ಮುಲಾಜಿಲ್ಲದೆ ಹೇಳಿ ಎಂದಿದ್ದೀರಿ. ಸರಿ, ಹೇಳುತ್ತೇನೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ.

ವಿಷಯ ಬೇಡ ಅಂತಲ್ಲ. ಬೆಳಗಾವಿಯವರಿಗೆ ಇದು ದೂರದ ವಿಷಯವೇ ಅಲ್ಲ. ಅಲ್ಲಿನ ವಿಮಾನ ನಿಲ್ದಾಣ ಇರುವ ಸಾಂಬ್ರಾ ಸುತ್ತಮುತ್ತ ತರಬೇತಿ ವಿಮಾನಗಳು ಗುಂಯ್ ಅಂತ ಸುತ್ತುವುದನ್ನು ಜನ ನೋಡಿದ್ದಾರೆ, 2023ರ ಮೇ ಕೊನೆಯಲ್ಲಿ ಒಂದು ವಿಮಾನ ಹೊಲದಲ್ಲಿ ತುರ್ತಾಗಿ ಇಳಿದದ್ದೂ ಹಲವರಿಗೆ ನೆನಪಿದೆ. ಇಂಥ ಓದುಗರಿಗೆ ನೀವು ಒಂದೂವರೆ ಪುಟ ಪುಷ್ಪಕ ವಿಮಾನ, ಹಕ್ಕಿಯ ರೆಕ್ಕೆ, ವಿಧಿಯ ಆಟ ಅಂತ ಬರೆದರೆ ಅವರು ಮುಂದಿನ ಪುಟಕ್ಕೆ ಬರುತ್ತಾರಾ? ಅದನ್ನು ಪೂರ್ತಿ ತೆಗೆಯಿರಿ. ಒಂದು ಸಾಲೂ ಉಳಿಸಬೇಡಿ.

ಆಮೇಲೆ ಹನ್ನೊಂದು ಕಾರಣಗಳ ಪಟ್ಟಿ. ಒಂದೊಂದಕ್ಕೆ ಎರಡೆರಡು ಸಾಲು. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಇದಕ್ಕೆ ಅಂಕ ಸಿಗಬಹುದು, ಓದುಗನಿಗೆ ಏನೂ ಸಿಗುವುದಿಲ್ಲ. "ಹವಾಮಾನ ವೈಪರೀತ್ಯ", "ಪೈಲಟ್ ನಿರ್ಲಕ್ಷ್ಯ" ಅಂದರೆ ಏನು ಸ್ವಾಮಿ? ಆ ಮನುಷ್ಯ ಆ ಹೊತ್ತಿನಲ್ಲಿ ಏನು ಮಾಡಿದ, ಅದು ಅವನಿಗೆ ಸರಿ ಅಂತ ಯಾಕೆ ಅನಿಸಿತು? ನನಗೆ ಬೇಕಾದದ್ದು ಅದು. ಅಮೆರಿಕದ ವಿಮಾನ ಮಾಲೀಕರ ಸಂಘದ ವರದಿಗಳು ವರ್ಷ ವರ್ಷವೂ ಹೇಳುವುದೇನೆಂದರೆ, ಸಣ್ಣ ವಿಮಾನಗಳ ಅಪಘಾತಗಳಲ್ಲಿ ಸುಮಾರು ಮುಕ್ಕಾಲು ಪಾಲು ಪೈಲಟ್ ಮಾಡಿದ್ದರಿಂದ ಅಥವಾ ಮಾಡದೇ ಬಿಟ್ಟಿದ್ದರಿಂದ ಆಗುತ್ತವೆ. ನೀವು ಈ ಮಾತು ಹೇಳಿ ಅಲ್ಲಿಗೇ ನಿಲ್ಲಿಸಿದ್ದೀರಿ. ಲೇಖನ ಶುರುವಾಗಬೇಕಿದ್ದದ್ದೇ ಅಲ್ಲಿಂದ.

ಈಗ ತಪ್ಪುಗಳು. "ಇಂಜಿನ್ ನಿಂತೊಡನೆ ವಿಮಾನ ಕಲ್ಲಿನಂತೆ ಬಿತ್ತು" ಎಂದು ಬರೆದಿದ್ದೀರಿ. ಬೀಳುವುದಿಲ್ಲ. ಸೆಸ್ನಾ 172ರಂಥ ಒಂದೇ ಇಂಜಿನ್ನಿನ ಸಣ್ಣ ವಿಮಾನ ಇಂಜಿನ್ ಇಲ್ಲದೆಯೂ ತೇಲಿಕೊಂಡು ಹೋಗುತ್ತದೆ. ಗಾಳಿಯ ಕಾಟ ಇಲ್ಲದಿದ್ದರೆ 3,000 ಅಡಿ ಎತ್ತರದಿಂದ ಎಂಟು ಕಿಲೋಮೀಟರ್ ಹತ್ತಿರ ಹತ್ತಿರ ಹೋಗಬಹುದು. ಅಷ್ಟರಲ್ಲಿ ಒಂದು ಹೊಲ ಹುಡುಕಿಕೊಳ್ಳಲು ಸಮಯ ಇರುತ್ತದೆ. ನಿಜವಾದ ಅಪಾಯ ಟೇಕಾಫ್ ಆದ ತಕ್ಷಣ ಇಂಜಿನ್ ಕೈಕೊಟ್ಟಾಗ. ಎತ್ತರ ಇಲ್ಲ, ರನ್‌ವೇ ಬೆನ್ನ ಹಿಂದೆ ಇದೆ, ಮನಸ್ಸು ತಿರುಗು ತಿರುಗು ಅನ್ನುತ್ತದೆ. ತಿರುಗಿದವರು ಎಷ್ಟೋ ಜನ ಸತ್ತಿದ್ದಾರೆ, ನೇರ ಮುಂದೆ ಸಿಕ್ಕಿದ ಜಾಗದಲ್ಲಿ ಇಳಿಸಿದವರು ವಿಮಾನ ಮುರಿದುಕೊಂಡರೂ ಬದುಕಿದ ಉದಾಹರಣೆ ಬೇಕಾದಷ್ಟಿವೆ.

ಇನ್ನೊಂದು, ಸ್ಟಾಲ್ ಆಯಿತು ಅಂದರೆ ಇಂಜಿನ್ ಬಂದ್ ಆಯಿತು ಅಂತ ತಿಳಿದಿದ್ದೀರಿ. ಇಂಜಿನ್ ಜೋರಾಗಿ ಓಡುತ್ತಿರುವಾಗಲೂ ಸ್ಟಾಲ್ ಆಗುತ್ತದೆ, ಯಾಕಂದರೆ ಅದು ರೆಕ್ಕೆಯ ಸಮಸ್ಯೆ. ಬರುವ ಗಾಳಿಗೆ ರೆಕ್ಕೆ ಮಿತಿ ಮೀರಿದ ಕೋನದಲ್ಲಿ ನಿಂತರೆ ಎತ್ತುವ ಶಕ್ತಿ ಹೊರಟುಹೋಗುತ್ತದೆ. ಇದು ಹೇಗೆ ಜೀವ ತೆಗೆಯುತ್ತದೆ ನೋಡಿ. ಇಳಿಯಲು ಬಂದ ಪೈಲಟ್ ಕೊನೆಯ ತಿರುವಿನಲ್ಲಿದ್ದಾನೆ, ಹಿಂದಿನಿಂದ ಗಾಳಿ ದಬ್ಬಿ ರನ್‌ವೇ ದಾಟಿ ಹೋಗುವ ಹಾಗಾಗಿದೆ. ಜಾಸ್ತಿ ವಾಲಿಸಿ ತಿರುಗಿಸಲು ಹೆದರಿಕೆ, ನೆಲ ಹತ್ತಿರ ಇದೆಯಲ್ಲ. ಹಾಗಾಗಿ ತಿರುವಿನ ಒಳಬದಿಯ ಕಾಲಿನಿಂದ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಒತ್ತಿ ಮೂತಿಯನ್ನು ಎಳೆಯುತ್ತಾನೆ. ಮೂತಿ ಕೆಳಗಾಗುತ್ತದೆ, ಅದನ್ನೆತ್ತಲು ಹಿಡಿಯನ್ನು ಹಿಂದಕ್ಕೆ ಎಳೆಯುತ್ತಾನೆ. ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಗಿರಗಿರ ತಿರುಗತೊಡಗುತ್ತದೆ. 500 ಅಡಿ ಎತ್ತರದಲ್ಲಿ ಅದನ್ನು ಸರಿ ಮಾಡಿಕೊಳ್ಳಲು ಜಾಗವೇ ಇಲ್ಲ. ಇಲ್ಲಿ ಯಾವ ನಿರ್ಲಕ್ಷ್ಯ ಇದೆ ಹೇಳಿ? ಹೆದರಿದ ಮನುಷ್ಯ ಎಚ್ಚರಿಕೆ ಅಂದುಕೊಂಡೇ ಒಂದೊಂದು ಹೆಜ್ಜೆ ಇಟ್ಟಿದ್ದಾನೆ. ಇದೊಂದನ್ನೇ ಹಿಡಿದು ಬರೆದರೂ ಲೇಖನ ನಿಲ್ಲುತ್ತದೆ.

ಬೆಳಗಾವಿಯನ್ನು ನೀವು ಒಂದು ಸಾಲಿನಲ್ಲಿ ತಂದು ಬಿಟ್ಟುಬಿಟ್ಟಿದ್ದೀರಿ. ಛೇ, ಅಲ್ಲೇ ಇತ್ತಲ್ವಾ ಸರಕು! ಸಾಂಬ್ರಾ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದರೆ ಅಲ್ಲಿನ ಗಾಳಿ ಎಷ್ಟು ತೆಳ್ಳಗಾಗುತ್ತದೆ ಅಂದರೆ, ವಿಮಾನದ ಪಾಲಿಗೆ ಅದು 5,500 ಅಡಿಯ ಊರು. ಇಂಜಿನ್ನಿಗೆ ದಮ್ಮು ಸಾಲದು, ಓಟ ಉದ್ದವಾಗುತ್ತದೆ, ಏರುವುದು ನಿಧಾನ. ಬೆಳಿಗ್ಗೆ ಆರಕ್ಕೆ ಆರಾಮಾಗಿ ಎದ್ದ ವಿಮಾನ, ಅಷ್ಟೇ ಜನ ಅಷ್ಟೇ ಪೆಟ್ರೋಲು ಇದ್ದರೂ, ಮಧ್ಯಾಹ್ನ ಎರಡಕ್ಕೆ ತಿಣುಕುತ್ತದೆ.

ಮಳೆಗಾಲದ ಕಥೆಯೇ ಬೇರೆ. ಪೆಟ್ರೋಲು ಗಾಳಿ ಬೆರೆಸುವ ಕಾರ್ಬುರೇಟರ್ ಇರುವ ಹಳೆಯ ಇಂಜಿನ್ನುಗಳಲ್ಲಿ ಪೆಟ್ರೋಲು ಆವಿಯಾಗುವಾಗ ಒಳಗಿನ ಗಾಳಿ 20 ಡಿಗ್ರಿಗೂ ಜಾಸ್ತಿ ತಣ್ಣಗಾಗಬಹುದು. ಹೊರಗೆ ಜುಲೈ ತಿಂಗಳ ತೇವ, 22 ಡಿಗ್ರಿ, ಒಳಗೆ ಮಂಜುಗಡ್ಡೆ! ಗಾಳಿಯ ದಾರಿ ಕಟ್ಟಿ ಇಂಜಿನ್ ಕೆಮ್ಮತೊಡಗುತ್ತದೆ. ನಂಬಲು ಕಷ್ಟ, ಅದಕ್ಕೇ ಬರೆಯಬೇಕು. ಬಿಸಿಗಾಳಿ ಬಿಡುವ ಹಿಡಿ ಎಳೆದರೆ ಗಡ್ಡೆ ಕರಗಿ ನೀರು ಇಂಜಿನ್ನಿಗೆ ಹೋಗುತ್ತದೆ, ಸ್ವಲ್ಪ ಹೊತ್ತು ಇನ್ನೂ ಜಾಸ್ತಿ ಕೆಮ್ಮುತ್ತದೆ, ಗಾಬರಿಯಾದ ಪೈಲಟ್ ಹಿಡಿಯನ್ನು ವಾಪಸ್ ಒತ್ತಿಬಿಡುತ್ತಾನೆ. ತನಿಖೆಯವರು ಬರುವಷ್ಟರಲ್ಲಿ ಗಡ್ಡೆ ಕರಗಿ ಹೋಗಿರುತ್ತದೆ, ಇಂಜಿನ್ ನೋಡಿದರೆ ಏನೂ ಆಗಿಲ್ಲ. ಕಾರ್ಬುರೇಟರ್ ಬದಲು ಪೆಟ್ರೋಲನ್ನು ನೇರ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಈ ಕಾಟ ಇಲ್ಲ, ಅದನ್ನೂ ಹೇಳಿಬಿಡಿ, ಇಲ್ಲದಿದ್ದರೆ ಯಾರಾದರೂ ಪತ್ರ ಬರೆಯುತ್ತಾರೆ.

ಇಂಧನದ ಬಗ್ಗೆ "ಖಾಲಿಯಾಗಿ ಬಿದ್ದವು" ಅಂತ ಮುಗಿಸಿದ್ದೀರಿ. ಟ್ಯಾಂಕು ಖಾಲಿಯಾಗದೆಯೂ ಇಂಜಿನ್ ನಿಲ್ಲುತ್ತದೆ, ಹಳೆಯ ಬೈಕಿನಲ್ಲಿ ರಿಸರ್ವ್‌ಗೆ ಹಾಕಲು ಮರೆತ ಹಾಗೆ. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಬಳಿ, ತಾವೇ ಹಾರಿಸುತ್ತಿದ್ದ ಸಣ್ಣ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಆ ವಿಮಾನದಲ್ಲಿ ಟ್ಯಾಂಕು ಬದಲಿಸುವ ಹಿಡಿ ಪೈಲಟ್‌ನ ಎಡ ಭುಜದ ಹಿಂದೆ ಇತ್ತು. ಅದನ್ನು ಮುಟ್ಟಲು ತಿರುಗಿದಾಗ ಬಲಗಾಲು ರಡ್ಡರ್ ಒತ್ತಿತು, ವಿಮಾನ ಕೈತಪ್ಪಿತು ಎಂಬುದು ತನಿಖೆಯ ತೀರ್ಮಾನ. ಹಿಡಿ ಎಲ್ಲಿತ್ತು ಎಂಬ ಆ ಒಂದು ಮಾತು ನಿಮ್ಮ ಹನ್ನೊಂದು ಕಾರಣಗಳಿಗಿಂತ ಜಾಸ್ತಿ ಹೇಳುತ್ತದೆ.

ಮೋಡದ ಭಾಗವನ್ನು ಮಾತ್ರ ಚೆನ್ನಾಗಿ ಬರೆದಿದ್ದೀರಿ, ನಿಜವಾಗಿ. ಅಲ್ಲಿ 1954ರ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗ ಸೇರಿಸಿ. ಉಪಕರಣ ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ಜನರಿಗೆ ಹೊರಗಿನದು ಕಾಣದಂತೆ ಮಾಡಿ ಹಾರಿಸಲು ಬಿಟ್ಟರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಕಿವಿಯೊಳಗಿನ ದ್ರವ ನೇರ ಇದ್ದೀಯ ಅನ್ನುತ್ತದೆ, ವಿಮಾನ ಆಗಲೇ ವಾಲಿರುತ್ತದೆ.

ಮತ್ತೆ ಬರೆಯುವಾಗ ಹನ್ನೊಂದರಲ್ಲಿ ಎರಡೇ ಉಳಿಸಿಕೊಳ್ಳಿ. ಯಾವುದು ಅಂತ ನೀವೇ ನಿರ್ಧರಿಸಿ, ನನ್ನನ್ನು ಕೇಳಿದರೆ ಕೊನೆಯ ತಿರುವು ಮತ್ತು ಸಾಂಬ್ರಾದ ಬಿಸಿಲು. ಪೇಪರ್ ಸುದ್ದಿ ನಂಬಿ ಕೂರಬೇಡಿ, ನಮ್ಮ ದೇಶದ ಅಪಘಾತ ತನಿಖಾ ಸಂಸ್ಥೆಯ ವರದಿಗಳು ಸುಮ್ನೆ ಹುಡುಕಿದರೆ ಪುಕ್ಕಟೆ ಸಿಗುತ್ತವೆ, ಒಂದನ್ನಾದರೂ ಮೊದಲಿನಿಂದ ಕೊನೆವರೆಗೆ ಓದಿ. ಸತ್ತ ಪೈಲಟ್‌ನನ್ನು ಬೈಯುವ ಆ ಎರಡು ಪ್ಯಾರಾ ಬೇಡ. ಬೆಂಕಿಯ ಫೋಟೋಗಳೂ ಬೇಡ. ಎಂಟುನೂರು ಪದ ದಾಟದಂತೆ ನೋಡಿಕೊಂಡು ದಸರೆಯೊಳಗೆ ಕಳಿಸಿ.